ಟೈಲರ್ ಕತ್ತರಿಸಿದ ಕಾಮ್‌ಫ್ರಿ

ಟೈಲರನ ಸಿಟ್ಟಿಗೆಲ್ಲ ಮೂಲ ಅವನ ಬಾಮೈದ. ಕತ್ತೆಕಿವಿಯಂಥ ಒರಟು ಎಲೆಯ ಕಾಮ್‌ಫ್ರಿ ಗಿಡವನ್ನು ತಂದುಕೊಟ್ಟವನು ಅವನೇ. ಎಲೆಗಳನ್ನು ಡ್ರಮ್ಮಿನ ನೀರಲ್ಲಿ ಕೊಳೆಸಿ ಹಾಕಿದರೆ ಟೊಮೇಟೊ ಮುಷ್ಟಿಗಾತ್ರ ಬಿಡುತ್ತದೆ ಎಂದವನೂ ಅವನೇ. ಆ ನೀರು ಸತ್ತ ಹೆಗ್ಗಣದ ಹಾಗೆ ನಾರುತ್ತದೆ ಎಂಬುದನ್ನು ಮಾತ್ರ ಪುಣ್ಯಾತ್ಮ ಬಾಯಿ ಬಿಟ್ಟಿರಲಿಲ್ಲ.

ಫ್ಲಾಟುಗಳ ಹಿಂದಿನ ತೋಟದಲ್ಲಿ ಒಂದು ಪಾತಿ ಸಿಗಲು ಟೈಲರ್ ನಾಲ್ಕು ವರ್ಷ ಕಾದಿದ್ದ. ಈಗ ಅದಕ್ಕೇ ಕುತ್ತು. ಪಕ್ಕದ ಪಾತಿಯ ನಿವೃತ್ತ ಹೆಡ್‌ಮಾಸ್ಟರು ಬೆಳಿಗ್ಗೆಯೇ ಗೇಟಿನಲ್ಲಿ ತಡೆದು, ತಾವು ತೋಟದ ಸಂಘಕ್ಕೆ ದೂರು ಕೊಟ್ಟಿರುವುದಾಗಿಯೂ, ಸಂಜೆ ಅಧ್ಯಕ್ಷೆ ಬಂದಾಗ ನಾತವಿದ್ದರೆ ಪಾತಿ ಬೇರೆಯವರ ಪಾಲೆಂದೂ ತಿಳಿಸಿದರು. ಹೇಳುವಾಗ ಮೂಗಿಗೆ ಕರ್ಚೀಫು ಬೇರೆ. ಟೈಲರನಿಗೆ ಮೈಯೆಲ್ಲ ಉರಿಯಿತು.

ಅಂಗಡಿಗೆ ಬೀಗ ಜಡಿದು ಡ್ರಮ್ಮನ್ನು ಮೋರಿಗೆ ಬಗ್ಗಿಸಿದ. ಅರ್ಧ ಮೋರಿಗೆ ಹೋಯಿತು, ಅರ್ಧ ಅವನ ಪ್ಯಾಂಟಿಗೆ. ಮನೆಗೆ ಓಡಿದರೆ ಹೆಂಡತಿ ಬಾಗಿಲ ಸಂದಿಯಿಂದಲೇ ಬಕೆಟ್ಟು, ಸೋಪು ತಳ್ಳಿ ಚಿಲಕ ಹಾಕಿಕೊಂಡಳು. ಬಾಮೈದನಿಗೆ ಫೋನು ಮಾಡಿ ಬೈಯೋಣವೆಂದರೆ ಅವನು ಮರುಗಿದ್ದು ಗೊಬ್ಬರಕ್ಕೆ.

"ಅಯ್ಯೋ ಭಾವ, ಅಂಥಾ ನೀರನ್ನ ಮೋರಿಗೆ ಸುರಿದುಬಿಟ್ರಲ್ಲ."

ಟೈಲರ್ ಫೋನು ಕುಕ್ಕಿ ತೋಟಕ್ಕೆ ವಾಪಸು ಬಂದ. ಗಿಡವೇ ಇರಬಾರದು ಎಂದು ಹಲ್ಲು ಕಚ್ಚಿ ಬುಡಸಮೇತ ಕಿತ್ತ. ಕಸದ ಗಾಡಿಯವನು ಅವನ ಪ್ಯಾಂಟಿನ ವಾಸನೆಗೆ ಹೆದರಿ ಗಾಡಿ ನಿಲ್ಲಿಸಲೇ ಇಲ್ಲ. ಸರಿ, ಇಲ್ಲೇ ಸಮಾಧಿ ಮಾಡುತ್ತೇನೆ ಎಂದು ಕತ್ತರಿ ಹಿಡಿದು ಕೂತ. ಸಿಟ್ಟು ನೆತ್ತಿಗೇರಿದ್ದರೂ ಕಸುಬಿನ ಕೈ ಅಡ್ಡಾದಿಡ್ಡಿ ಕತ್ತರಿಸಲು ಒಪ್ಪಲಿಲ್ಲ. ಅಷ್ಟೂ ಬೇರು ಎರಡೆರಡು ಇಂಚಿನ ಸಮ ತುಂಡಾಯಿತು. ತುಂಡುಗಳನ್ನು ಪಾತಿಯ ತುಂಬ ಹೂತು, ಮಣ್ಣು ತಟ್ಟಿ, ನೀರು ಚಿಮುಕಿಸಿದ. ಆಮೇಲೆ ಹೆಂಡತಿ ಕೊಟ್ಟ ಸೋಪು ಹಚ್ಚಿ ಡ್ರಮ್ಮು, ಪ್ಯಾಂಟು ಎರಡನ್ನೂ ಉಜ್ಜಿ ತೊಳೆದ.

ಸಂಜೆ ಅಧ್ಯಕ್ಷೆ ಬಂದು ಪಾತಿಯ ನಾಲ್ಕು ಮೂಲೆಯಲ್ಲೂ ಮೂಸಿದರು. ಒಳ್ಳೆ ಮಣ್ಣಿನ ವಾಸನೆ. ಪಾತಿ ಟೈಲರನದೇ ಎಂದು ಪುಸ್ತಕದಲ್ಲಿ ಬರೆದರು. ಹೆಡ್‌ಮಾಸ್ಟರ ಮುಖ ಇಂಗು ತಿಂದ ಹಾಗಾಯಿತು. ಅವರ ಹೊಟ್ಟೆ ಇನ್ನಷ್ಟು ಉರಿಯಲಿ ಎಂದು ಟೈಲರ್ ದನಿ ಏರಿಸಿದ.

"ಆ ದರಿದ್ರ ಗಿಡಾನ ನಿರ್ನಾಮ ಮಾಡಿದೀನಿ ಮೇಡಂ. ಬೇರನ್ನ ಎರಡೆರಡು ಇಂಚಿಗೆ ಕತ್ತರಿಸಿ ಇಲ್ಲೇ ಹೂತಿದೀನಿ. ಇನ್ನೂರ ಹದಿನಾಲ್ಕು ತುಂಡು."

ಅಧ್ಯಕ್ಷೆ ಪೆನ್ನು ಮುಚ್ಚುವುದನ್ನು ನಿಲ್ಲಿಸಿದರು.

"ನೀರು ಹಾಕಿದ್ರಾ?"

"ಹದವಾಗಿ ಹಾಕಿದೀನಿ."

"ಕಾಮ್‌ಫ್ರಿ ನೆಡೋದೇ ಹಾಗೆ ಕಣ್ರೀ. ಒಂದೊಂದು ತುಂಡೂ ಒಂದೊಂದು ಗಿಡ ಆಗುತ್ತೆ. ಇನ್ನು ಈ ಪಾತಿ ನೀವು ಬಿಟ್ರೂ ಅದು ಬಿಡಲ್ಲ."

ಹೆಡ್‌ಮಾಸ್ಟರು ನಕ್ಕಿದ್ದನ್ನು ತೋಟದವರು ನೋಡಿದ್ದು ಅದೇ ಮೊದಲು. ಟೈಲರ್ ಅವರ ಕಡೆ ತಿರುಗಲಿಲ್ಲ. ಮಂಡಿಯೂರಿ ಕೂತು ಬರಿಗೈಯಲ್ಲೇ ಪಾತಿ ಕೆದಕತೊಡಗಿದ. ದೀಪ ಹಚ್ಚುವ ಹೊತ್ತಿಗೆ ಒಂಬತ್ತು ತುಂಡು ಸಿಕ್ಕಿದ್ದವು. ತೊಳೆದು ನೋಡಿದರೆ ಅದರಲ್ಲಿ ಎರಡು ಕಲ್ಲು.