ಊಟಿಗೆ ಹೋದವರ ಮನೆ

ಶಾಂತಮೂರ್ತಿಗೆ ಬೇಕಾಗಿದ್ದದ್ದು ನಿದ್ದೆ, ಅಷ್ಟೇ. ಬೇಸಿಗೆ ರಜೆ ಬಂತೆಂದು ಕಚೇರಿಯ ಉಳಿದವರೆಲ್ಲ ಕೊಡೈಕೆನಾಲು, ಗೋವಾ ಎಂದು ಮಾತಾಡುತ್ತಿದ್ದರೆ ಅವನು ತನ್ನ ಮಂಚವನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದ. ಆ ಮಂಚ ದೂರವೇನೂ ಇರಲಿಲ್ಲ. ಕೊಳ್ಳೇಗಾಲದಲ್ಲೇ, ಅವನ ಮನೆಯಲ್ಲೇ ಇತ್ತು. ಆದರೆ ಮಾದಪ್ಪನ ಬೆಟ್ಟಕ್ಕೆ ಹೋಗುವ ನೆಂಟರೆಲ್ಲ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವನ ಮನೆಯಲ್ಲಿ ಇಳಿದು ನೇರವಾಗಿ ಆ ಮಂಚ ಹತ್ತುತ್ತಿದ್ದರು. ಮನೆಯ ಯಜಮಾನ ಪಡಸಾಲೆಯಲ್ಲಿ ಯಾರದೋ ಚೀಲಕ್ಕೆ ತಲೆಕೊಟ್ಟು, ಯಾರದೋ ಮಗುವಿನ ಕಾಲನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬೆಳಗು ಮಾಡುತ್ತಿದ್ದ.

ಈ ವರ್ಷ ಅವನೊಂದು ಉಪಾಯ ಹೂಡಿದ. ಸಂಸಾರ ಸಮೇತ ಊಟಿಗೆ ಹೋಗುತ್ತೇವೆಂದು ಬೀದಿಗೂ ನೆಂಟರಿಗೂ ಸಾರಿದ. ನಿಜದಲ್ಲಿ ಹೆಂಡತಿ ಕುಸುಮ ಮಗಳೊಂದಿಗೆ ಯಳಂದೂರಿನ ತವರಿಗೆ ಹೋಗುವುದು. ತಾನು ಬಸ್ ಸ್ಟ್ಯಾಂಡಿನಿಂದ ಹಿತ್ತಲ ಓಣಿಯಲ್ಲಿ ನುಸುಳಿ ಹಿಂಬಾಗಿಲಿನಿಂದ ಮನೆ ಸೇರುವುದು. ಮುಂಬಾಗಿಲಿಗೆ ಹೊರಗಿನಿಂದ ಬೀಗ, ಒಳಗೆ ಭಾನುವಾರದವರೆಗೆ ನಿದ್ದೆ. ಇಷ್ಟು ಕಡಿಮೆ ಖರ್ಚಿನ ಪ್ರವಾಸ ಆ ಬೀದಿಯಲ್ಲಿ ಯಾರೂ ಮಾಡಿರಲಿಲ್ಲ.

"ಊಟೀಲಿ ಏನು ನೋಡಿದ್ರಿ ಅಂತ ಕೇಳಿದ್ರೆ ಏನು ಹೇಳ್ಲಿ?" ಎಂದಳು ಕುಸುಮ.

"ಮಂಜಿತ್ತು, ಏನೂ ಕಾಣ್ಲಿಲ್ಲ ಅನ್ನು."

ಬೆಳಗ್ಗೆ ಆಟೋ ಹತ್ತುವಾಗಲೇ ಮೊದಲ ಎಡವಟ್ಟಾಯಿತು. ಬಾಗಿಲಿಗೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಪುಟ್ಟಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಅಂಗೈ ಚಾಚಿದಳು. ಊರಿಗೆ ಹೋಗುವವರು ಪಕ್ಕದ ಮನೆಗೆ ಬೀಗದ ಕೈ ಕೊಡದೆ ಹೋದರೆ ಆ ಬೀದಿಯಲ್ಲಿ ಅದು ಜಗಳಕ್ಕೆ ಕರೆದಂತೆ. ಕುಸುಮ ಅಭ್ಯಾಸದಂತೆ ಕೊಟ್ಟೇಬಿಟ್ಟಳು. ಬೇಡವೆನ್ನಲು ಶಾಂತಮೂರ್ತಿ ಬಾಯಿ ತೆರೆದ, ಬಂದದ್ದು ಆಕಳಿಕೆ.

"ಸಂಜೆ ದೀಪ ಅಚ್ತೀನಿ ಬುಡವ್ವ, ನೀವು ಆರಾಮಾಗಿ ಓಗ್ಬನ್ನಿ. ಅಲ್ಲಿ ಬೋ ಚಳಿಯಂತೆ, ಕಿವಿಗೆ ಬಟ್ಟೆ ಕಟ್ಕಳಿ ಶಾಂತಣ್ಣ" ಎಂದು ಪುಟ್ಟಮಲ್ಲಮ್ಮ ಹರಸಿ ಕಳಿಸಿದಳು.

ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಹೋಗಿ ನಿಂತರಾಯಿತು ಎಂದುಕೊಂಡು ಅವನು ಅಂದುಕೊಂಡಂತೆಯೇ ಮನೆ ಸೇರಿದ. ಫ್ಯಾನು ಹಾಕಿ ಮಂಚದ ಮೇಲೆ ಕಾಲು ಚಾಚಿದ. ನಿದ್ದೆ ಇನ್ನೇನು ಕಣ್ಣಿನ ಹೊಸ್ತಿಲು ದಾಟಬೇಕು, ಮುಂಬಾಗಿಲಿನ ಬೀಗ ಕಟಕ್ಕೆಂದಿತು.

ಹಿಂಬಾಗಿಲಿಗೆ ಓಡಲು ಪಡಸಾಲೆ ದಾಟಬೇಕಿತ್ತು. ಅಲ್ಲಿ ಆಗಲೇ ಸಂತೆಯಷ್ಟು ಸದ್ದು. ಕೋಣೆಗೂ ಅಡುಗೆಮನೆಗೂ ನಡುವೆ ಚಾಚಿಕೊಂಡಿದ್ದ ಅಟ್ಟಕ್ಕೆ ಅವನು ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಏಣಿಯನ್ನು ಮೇಲೆಳೆದುಕೊಂಡು, ಪಾತ್ರೆಗಳ ಸಂದಿಯಲ್ಲಿ ಪಾತ್ರೆಯಂತೆ ಮುದುರಿ ಕೂತ.

"ಐದು ಜನ ಬತ್ತೀವಿ ಅಂದೋರು ಊರ್ನೇ ಕಿತ್ಕಂಡು ಬಂದವ್ರಲ್ಲಮ್ಮಿ!" ಇದು ಪುಟ್ಟಮಲ್ಲಮ್ಮನ ಗಂಡ ಪ್ರಭುಸ್ವಾಮಿಯ ದನಿ.

"ಮೆಲ್ಲುಗೆ ಮಾತಾಡಿ, ಕೇಳುಸ್ಕಂಡಾರು. ಶಾಂತಣ್ಣನ ಮನೆ ಖಾಲಿ ಅದೆ. ಅವ್ರಿದ್ದಿದ್ರೂ ಬ್ಯಾಡ ಅಂತಿದ್ರಾ?"

ಅಟ್ಟದ ಮೇಲಿದ್ದ ಶಾಂತಮೂರ್ತಿಗೆ ಸಂಗತಿ ನಿಧಾನವಾಗಿ ತಿಳಿಯಿತು. ಪುಟ್ಟಮಲ್ಲಮ್ಮನ ಮಗಳು ಕೋಮಲಳನ್ನು ನೋಡಲು ಲೊಕ್ಕನಹಳ್ಳಿಯ ಗಂಡಿನ ಕಡೆಯವರು ದಿಢೀರನೆ ಫೋನು ಮಾಡಿ ಹೊರಟು ಬಂದಿದ್ದರು, ಅದೂ ಎರಡು ಟೆಂಪೋಗಳಲ್ಲಿ. ಕೆಳಗಿಳಿದು ಕಾಣಿಸಿಕೊಳ್ಳೋಣವೆಂದರೆ ಊಟಿಯ ಸುಳ್ಳು ಬಯಲಾಗುತ್ತದೆ. ಅದು ನೆಂಟರ ಕಿವಿ ಮುಟ್ಟಿದರೆ ಮುಂದಿನ ಬೇಸಿಗೆಗಳೂ ಹೋದಂತೆ. ಅವನು ಇನ್ನಷ್ಟು ಮುದುರಿದ.

"ದೊಡ್ಡಪ್ಪಾರೇ, ನೀವು ಮಂಚದ ಮೇಲೆ ಕೂತ್ಕಳಿ" ಎಂದು ಪ್ರಭುಸ್ವಾಮಿ ಒಬ್ಬ ಹಿರಿಯರನ್ನು ಕೋಣೆಗೆ ಕರೆತಂದ. ಅವರು ಗಂಡಿನ ದೊಡ್ಡಪ್ಪ ದೊಡ್ಡಮಾದಪ್ಪ. ಹೊರೆಹುಲ್ಲಿನಂಥ ಮೀಸೆ. ಆ ಮನೆತನದಲ್ಲಿ ಅವರು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

"ಆಸ್ಗೆ ಬೆಚ್ಚುಗದಲ್ಲಪ್ಪ" ಎಂದರು ದೊಡ್ಡಮಾದಪ್ಪ. "ಫ್ಯಾನೂ ತಿರುಗ್ತಾ ಅದೆ."

"ಬರೋರಿಗೆ ಇರ್ಲಿ ಅಂತ ಆಕೋಗವ್ರೆ. ಬಾಳ ಧಾರಾಳದ ಜನ."

ಧಾರಾಳದ ಜನ ಅಟ್ಟದಲ್ಲಿ ಕೂತು ಹಲ್ಲು ಕಡಿದರು.

ಅಷ್ಟರಲ್ಲಿ ಪುಟ್ಟಮಲ್ಲಮ್ಮನಿಗೆ ಪಾಯಸಕ್ಕೆ ದೊಡ್ಡ ಪಾತ್ರೆ ಬೇಕಾಯಿತು. ಕುಸುಮನ ಅಟ್ಟದ ಮೇಲೆ ಒಂದಿದೆ, ತೆಗೆಯಿರಿ ಎಂದಳು. ಪ್ರಭುಸ್ವಾಮಿ ಸ್ಟೂಲು ಹತ್ತಿ, ಕತ್ತಲಿಗೆ ಕೈ ಹಾಕಿ ತಡಕಾಡಿದ. ಅವನ ಬೆರಳು ಶಾಂತಮೂರ್ತಿಯ ಮೂಗಿನಿಂದ ಒಂದು ಗೇಣು ದೂರದಲ್ಲಿ ಏಡಿಯಂತೆ ಹರಿದಾಡಿತು. ಬೇರೆ ದಾರಿ ಕಾಣದೆ ಶಾಂತಮೂರ್ತಿ ಪಾತ್ರೆಯನ್ನು ಮೆಲ್ಲಗೆ ಆ ಕೈಗೆ ದಾಟಿಸಿದ.

"ಸಿಕ್ತು!"

"ಉದ್ದನೆ ಸೌಟೂ ಇರ್ಬೇಕು ನೋಡಿ."

ಕೈ ಮತ್ತೆ ಬಂತು. ಶಾಂತಮೂರ್ತಿ ಸೌಟು ಕೊಟ್ಟ.

"ಏನಮ್ಮೀ, ಈ ಮನೇಲಿ ಸಾಮಾನೆಲ್ಲ ತಾವೇ ಕೈಗ್ ಬತ್ತವೆ! ನಮ್ಮನೇಲಿ ಒಂದು ಚಮಚ ಉಡುಕೋಕೆ ಅರ್ಧ ದಿನ ಬೇಕು."

"ಅವ್ರ ಮನೆ ಗಂಡಸು ಎಲ್ನೂ ಓರಣವಾಗಿ ಇಡ್ತಾರೆ. ನೀವೂ ಇದ್ದೀರಿ" ಎಂದಳು ಪುಟ್ಟಮಲ್ಲಮ್ಮ. ಇಷ್ಟು ಕಷ್ಟದ ನಡುವೆಯೂ ಶಾಂತಮೂರ್ತಿಗೆ ಒಂದು ಕ್ಷಣ ಎದೆ ಉಬ್ಬಿತು.

ಕೋಮಲ ಬಂದು ಕಾಫಿ ಕೊಟ್ಟು ಹೋದಳು. ಎಲ್ಲರೂ ಕೋಣೆಯ ಬಾಗಿಲಲ್ಲಿ ನೆರೆದು ಹಿರಿಯರ ಮಾತಿಗೆ ಕಾಯುತ್ತಿದ್ದರು. ಅದೇ ಹೊತ್ತಿಗೆ ಕೆಳಗೆ ಅಡುಗೆಮನೆಯಲ್ಲಿ ಯಾರೋ ಕಾದ ಎಣ್ಣೆಗೆ ಒಣಮೆಣಸಿನಕಾಯಿ ಹಾಕಿದರು. ಘಾಟು ಸೀದಾ ಅಟ್ಟ ಹತ್ತಿತು. ಶಾಂತಮೂರ್ತಿ ಮೂಗು ಹಿಡಿದ, ಬಾಯಿ ಮುಚ್ಚಿದ, ಕಣ್ಣಲ್ಲಿ ನೀರು ತುಂಬಿತು.

"ಎಣ್ಣು ನಮ್ಗೆ..." ಎಂದು ದೊಡ್ಡಮಾದಪ್ಪ ಶುರುಮಾಡಿದರು.

"ಆಕ್ಷೀ!"

ಬಾಯಿಗೆ ಹೋಗುತ್ತಿದ್ದ ಕಾಫಿ ಲೋಟಗಳು ನಡುದಾರಿಯಲ್ಲೇ ನಿಂತವು.

"ಒಂಟಿ ಸೀನು" ಎಂದಿತು ಒಂದು ಹೆಂಗಸಿನ ದನಿ. "ಮಾತಾಡ್ವಾಗ್ಲೇ ಒಂಟಿ ಸೀನಾಯ್ತಲ್ಲಪ್ಪೋ! ಏಳಿ, ಇದು ಕೂಡಿ ಬರೋ ಸಂಬಂಧ ಅಲ್ಲ."

ಚಪ್ಪಲಿ ಹುಡುಕುವ ಸದ್ದು ಶುರುವಾಯಿತು. ಪುಟ್ಟಮಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೋಮಲ ಲಂಗ ತೊಟ್ಟು ತನ್ನ ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದ್ದು ಶಾಂತಮೂರ್ತಿಗೆ ನೆನಪಾಯಿತು. ಆ ಹುಡುಗಿಯ ಮದುವೆ ತನ್ನ ಮೂಗಿನಿಂದ ಮುರಿಯುವುದೇ? ಒಂದು ಸೀನು ಕೆಡಿಸಿದರೆ ಎರಡನೆಯದು ಸರಿಮಾಡುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಬೇಡವೆಂದಾಗ ಬಂದ ಸೀನು ಬೇಕೆಂದಾಗ ಬರಲೊಲ್ಲದು. ಅವನು ಅಟ್ಟದ ಧೂಳನ್ನು ಬೆರಳಲ್ಲಿ ಗೋರಿ, ನಶ್ಯದಂತೆ ಮೂಗಿಗೇರಿಸಿ ಜೋರಾಗಿ ಎಳೆದ.

"ಆಆ... ಕ್ಷೀ!"

"ಜೋಡಿ ಸೀನು!" ಎಂದು ಅದೇ ಹೆಂಗಸು ಕುಣಿದಳು. "ಜೋಡಿ ಆಯ್ತು, ಕುಂತ್ಕಳಿ, ಎಲ್ರೂ ಕುಂತ್ಕಳಿ! ಸೀನಿದ್ದು ಯಾರು?"

"ಕೋಣೆ ಒಳ್ಗಿಂದ ಬಂತು. ದೊಡ್ಡಪ್ಪಾರೇ ಇರ್ಬೇಕು."

ದೊಡ್ಡಮಾದಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೀಸೆ ಸವರಿಕೊಂಡು, "ಎಣ್ಣು ಒಪ್ಗೆ" ಎಂದರು.

ಅಲ್ಲಿಂದ ಮುಂದೆ ವೀಳ್ಯದೆಲೆ ಬದಲಾಯಿತು. ಹೋಳಿಗೆಯ ಪರಿಮಳ ಅಟ್ಟಕ್ಕೆ ಬಂತು, ಹೋಳಿಗೆ ಬರಲಿಲ್ಲ. ಉಂಡವರು ಶಾಂತಮೂರ್ತಿಯ ಪಡಸಾಲೆಯ ತುಂಬ ಬಿದ್ದುಕೊಂಡು ಗೊರಕೆ ಹೊಡೆದರು. ಆ ಗೊರಕೆಗಳನ್ನು ಕೇಳುತ್ತ ಎಚ್ಚರವಾಗಿದ್ದವನು ಅವನೊಬ್ಬನೇ. ಕೊನೆಗೆ ಬಿಸಿಲು ಇಳಿದಾಗ ಅವರೆಲ್ಲ ಎದ್ದು, ಚಪ್ಪಲಿ ಅದಲುಬದಲಾಗಿ ಕಿತ್ತಾಡಿ, ಟೆಂಪೋ ಹತ್ತಿದರು. ಪುಟ್ಟಮಲ್ಲಮ್ಮ ಕಸ ಗುಡಿಸಿ, ದೀಪ ಹಚ್ಚಿ, ಬೀಗ ಹಾಕಿಕೊಂಡು ಹೋದಳು.

ಮನೆ ಬಾವಿಯಷ್ಟು ನಿಶ್ಶಬ್ದವಾಯಿತು. ಶಾಂತಮೂರ್ತಿ ಏಣಿ ಇಳಿಬಿಟ್ಟು, ಮರಗಟ್ಟಿದ ಕಾಲುಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಮಬ್ಬುಗತ್ತಲ ಕೋಣೆಯಲ್ಲಿ ತಡವರಿಸುತ್ತ ಮಂಚ ಸೇರಿ, ಶಿವನೇ ಎಂದು ಮೈ ಚೆಲ್ಲಿದ.

"ಒಸಿ ಅತ್ಲಾಗ್ ಸರ್ಕಳಪ್ಪ" ಎಂದಿತು ಹಾಸಿಗೆ.

ಅವನು ಕಿರುಚುವ ಮೊದಲೇ ಒಂದು ಒರಟು ಅಂಗೈ ಅವನ ಬಾಯಿ ಮುಚ್ಚಿತು. ಕಣ್ಣೆದುರು ಹೊರೆಹುಲ್ಲಿನ ಮೀಸೆ.

"ಕಿರುಚ್ಬ್ಯಾಡ ಕಣ್ಲಾ, ಪಕ್ಕದ್ಮನೆಗೆ ಕೇಳ್ತದೆ" ಎಂದು ದೊಡ್ಡಮಾದಪ್ಪ ಪಿಸುಗುಟ್ಟಿದರು. "ಸೀನಿದ್ದು ನೀನೇ ಅಲ್ವಾ? ಆಗ್ಲೇ ತಿಳೀತು, ನನ್ನಂಗೇ ಇನ್ನೊಬ್ಬ ಇಲ್ಲಿ ಸೇರ್ಕಂಡವ್ನೆ ಅಂತ."

"ನೀವು... ಊರಿಗೆ ಹೋಗ್ಲಿಲ್ವಾ?"

"ಇಲ್ಲಿಂದ ಬಸ್ ಅತ್ಕಂಡು ಮಾದಪ್ಪನ ಬೆಟ್ಟಕ್ಕೋಗಿ, ಭಾನ್ವಾರ ಬತ್ತೀನಿ ಅಂತೇಳಿ ಕಳ್ಸಿವ್ನಿ. ಚಪ್ಲಿ ಗಲಾಟೇಲಿ ಒಳೀಕ್ ಬಂದು ಮಂಚದ ಕೆಳ್ಗೆ ಸೇರ್ಕಂಡೆ, ಬೀಗ ಬಿದ್ಮೇಲೆ ಮಂಚ ಅತ್ದೆ. ಏನ್ ಮಾಡ್ಲಪ್ಪ, ಊರಲ್ಲಿ ಅಲಸು ಅಣ್ಣಾದಾಗಿಂದ ಆನೆ ಬತ್ತವೆ. ಇಡೀ ರಾತ್ರಿ ತೋಟ ಕಾಯ್ಬೇಕು. ಸರ್ಯಾಗಿ ಕಣ್ಮುಚ್ಚಿ ಎಷ್ಟ್ ಕಾಲ ಆಯ್ತೋ. ಇಲ್ಲಿ ನೋಡು, ಫ್ಯಾನು, ಮೆತ್ತನೆ ಆಸ್ಗೆ. ಈ ಮನೆ ಯಜಮಾನ ಊಟಿಗೋಗವ್ನಂತೆ."

"ನಾನೇ ಈ ಮನೆ ಯಜಮಾನ" ಎಂದ ಶಾಂತಮೂರ್ತಿ, ಪಿಸುಮಾತಿನಲ್ಲಿ ತರಬಹುದಾದಷ್ಟು ಗಾಂಭೀರ್ಯ ತಂದುಕೊಂಡು.

ದೊಡ್ಡಮಾದಪ್ಪ ಸದ್ದಿಲ್ಲದೆ ನಕ್ಕರು. ಮಂಚ ಅಲುಗಾಡಿತು. "ಯಜಮಾನ ಯಾಕ್ಲಾ ತನ್ಮನೆ ಅಟ್ಟದಲ್ಲಿ ಅಡಗಿರ್ತಾನೆ? ತಡಿ, ಪುಟ್ಟಮಲ್ಲಮ್ಮುನ್ನೇ ಕೂಗಿ ಕೇಳ್ಬುಡಾವ."

ಅವರು ಕೂಗಲು ಬಾಯಿ ತೆರೆದರು. ಈ ಸಲ ಬಾಯಿ ಮುಚ್ಚಿದ್ದು ಶಾಂತಮೂರ್ತಿಯ ಕೈ.

"ಬೇಡ ಬೇಡ! ನಾನ್ಯಾರೂ ಅಲ್ಲ."

"ಅಂಗ್ ಬಾ ದಾರಿಗೆ. ಮೊದ್ಲು ಮಲ್ಗಿದೋನು ನಾನು, ಮಂಚ ನನ್ದು. ನಿಂಗೆ ಎಂಗೂ ಅಟ್ಟ ಅಭ್ಯಾಸ ಆಗದೆ." ದೊಡ್ಡಮಾದಪ್ಪ ದಿಂಬು ತಟ್ಟಿಕೊಂಡು ಮಗ್ಗುಲಾದರು. ಮತ್ತೆ ಏನೋ ಹೊಳೆದು ತಲೆಯೆತ್ತಿದರು. "ಇನ್ನೊಂದ್ ಮಾತು ಕಣ್ಲಾ. ನಿದ್ದೇಲೂ ನಾನು ಆನೆ ಓಡಿಸ್ತೀನಂತೆ. ಇಡೀ ಬೀದಿಗೆ ಕೇಳಂಗೆ ಕೂಗ್ತೀನಿ ಅಂತ ನಮ್ಮನೆಯವ್ಳು ಬಯ್ತಾಳೆ. ಮೀಸೆ ಅಳ್ಳಾಡ್ತು ಅಂದ್ರೆ ಬಂತು ಅಂತ್ಲೇ ಲೆಕ್ಕ. ತಕ್ಷಣ ಬಾಯ್ ಮುಚ್ಬುಡು. ಇಲ್ದಿದ್ರೆ ಇಬ್ರೂ ಸಿಕ್ಕಾಕತೀವಿ."

ಮರುಗಳಿಗೆಗೆ ಅವರು ನಿದ್ದೆ ಹೋದರು. ಮೈಮುರಿದು ದುಡಿದವರ ನಿದ್ದೆ, ಕಲ್ಲು ಬಾವಿಗೆ ಬಿದ್ದಂತೆ.

ಶಾಂತಮೂರ್ತಿ ಸ್ಟೂಲನ್ನು ಮೆಲ್ಲಗೆ ಮಂಚದ ಬಳಿಗೆ ಎಳೆದುಕೊಂಡು ಕೂತ. ಅಂಗೈಯನ್ನು ಸಿದ್ಧವಾಗಿ ಹಿಡಿದು, ಕಣ್ಣು ಮಿಟುಕಿಸದೆ ಆ ಮೀಸೆಯನ್ನು ಕಾಯತೊಡಗಿದ. ಭಾನುವಾರ ಇನ್ನೂ ದೂರವಿತ್ತು.

ಮೀಸೆ ಅಲುಗಾಡಿತು.