ನಮ್ಮತ್ತೆಯ ಬಗ್ಗದ ಕತ್ತು

ನಮ್ಮ ಸೋದರತ್ತೆಯ ಕತ್ತು ಯಾರ ಮುಂದಾದರೂ ಬಗ್ಗಿದ್ದನ್ನು ಕಂಡವರಿಲ್ಲ. ತಾಳಿ ಕಟ್ಟಿಸಿಕೊಳ್ಳುವಾಗಲೂ ನೆಟ್ಟಗೆ ನಿಂತಿದ್ದರಂತೆ. ಕುಳ್ಳಗಿದ್ದ ಮಾವ ಮಣೆ ಹತ್ತಿ ಕಟ್ಟಿದರಂತೆ! ಊರಮ್ಮನ ಗುಡಿಯಲ್ಲೂ ಕೈ ಮುಗಿಯುತ್ತಾರೆಯೇ ಹೊರತು ತಲೆ ಬಾಗಿಸುವುದಿಲ್ಲ.

ಇದಕ್ಕೆಲ್ಲ ಕಾರಣ ತಂಬಿಟ್ಟಿನ ಆರತಿ. ಕೆ.ಆರ್. ಪುರದಾಚೆಯ ಅವರ ಊರಹಬ್ಬದಲ್ಲಿ ಹೆಂಗಸರು ತಂಬಿಟ್ಟಿಗೆ ಹೂ ಮುಡಿಸಿ, ದೀಪ ಹಚ್ಚಿ, ತಟ್ಟೆಯನ್ನು ತಲೆಯ ಮೇಲಿಟ್ಟು ಗುಡಿಗೆ ಒಯ್ಯುತ್ತಾರೆ. ಉಳಿದವರು ತಲೆಯ ಮೇಲಿನ ತಟ್ಟೆಯನ್ನು ಕೈಯಿಂದ ಹಿಡಿದುಕೊಂಡರೆ ಅತ್ತೆ ಕೈಬಿಟ್ಟೇ ನಡೆಯುತ್ತಾರೆ. ರಾಗಿ ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾದವು, ಅತ್ತೆಯ ತಲೆಯಿಂದ ತಟ್ಟೆ ಮಾತ್ರ ಇಳಿಯಲಿಲ್ಲ. ಅವರ ಸೊಸೆ ಒಮ್ಮೆ ತಾನು ಹೊರುತ್ತೇನೆಂದು ಆಸೆಪಟ್ಟು ಕೇಳಿದ್ದಕ್ಕೆ, "ನಿನ್ ಕತ್ತು ಫೋನ್ ನೋಡಕ್ಕೆ ಸರಿ, ಆರತಿಗಲ್ಲ" ಎಂದುಬಿಟ್ಟರು.

ಇಂಥವರ ಮನೆತನದಲ್ಲಿ ಹುಟ್ಟಿ ನಾನು ಕತ್ತು ಕೆಡಿಸಿಕೊಂಡೆ! ಮಾರತ್ತಹಳ್ಳಿ ಹತ್ತಿರ ಸ್ಕೂಟರ್ ಗುಂಡಿಗೆ ಇಳಿಯಿತು. ನಾನು ಬೀಳಲಿಲ್ಲ, ಕತ್ತಿನೊಳಗೆ ಏನೋ ಕಳಕ್ ಎಂದಿತು, ಅಷ್ಟೆ. ಸ್ವಲ್ಪ ದಿನಕ್ಕೆ ಬಲಗೈ ಜೋಮು ಹಿಡಿಯತೊಡಗಿತು. ಹಲಸೂರಿನಲ್ಲಿ ರವಿಕೆ ಹೊಲಿಯುವ ಅಂಗಡಿ ನನ್ನದು. ಒಂದು ಬೆಳಿಗ್ಗೆ ಬೆರಳಿನಿಂದ ಸೂಜಿ ಜಾರಿ ಬಿದ್ದದ್ದೇ ನನಗೆ ಗೊತ್ತಾಗಲಿಲ್ಲ.

ಸ್ಕ್ಯಾನ್ ನೋಡಿದ ಮೊದಲ ಡಾಕ್ಟರು, ಕತ್ತಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ, ಆಪರೇಷನ್ ಮಾಡಿಸದಿದ್ದರೆ ಬೆರಳುಗಳ ಶಕ್ತಿ ಹೋಗಬಹುದು ಎಂದರು. ಎರಡನೆಯವರು, ಆತುರ ಬೇಡ, ಕತ್ತಿಗೆ ಪಟ್ಟಿ ಹಾಕಿಕೊಂಡು ಕಾಯಿರಿ, ತಾನಾಗಿಯೇ ಸರಿಹೋಗಬಹುದು ಎಂದರು. ಇಬ್ಬರೂ ಹೇಳಿದ್ದು 'ಬಹುದು'! ನಾನು ಯಾರನ್ನು ನಂಬಲಿ? ಕೊಯ್ಯಿಸಿಕೊಂಡು ಕೈ ಹೋದರೆ? ಕಾಯುತ್ತಾ ಕೂತೇ ಕೈ ಹೋದರೆ? ಹಲ್ಲುಜ್ಜುವಾಗ ಭಯ, ಸೀನು ಬಂದರೆ ಭಯ, ಯಾರಾದರೂ ಹಿಂದಿನಿಂದ ಕರೆದರೆ ಇನ್ನೂ ಭಯ.

ಸುದ್ದಿ ತಿಳಿದ ಅತ್ತೆ ಬಸ್ಸು ಹತ್ತಿ ಬಂದೇಬಿಟ್ಟರು. ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು.

"ಡಾಕ್ಟ್ರುಗಳು ಒಬ್ಬೊಬ್ರು ಒಂದೊಂದ್ ಹೇಳ್ತಾರೆ. ದಿನಾ ಕತ್ತು ನೋಡೋರ್ನೇ ಕೇಳೋಣ, ನಡಿ!"

ಆಟೋ ನಿಂತದ್ದು ಎಲ್ಲಿ ಅಂತೀರಿ? ಶಿವಾಜಿನಗರದಲ್ಲಿ, ಅವರು ಹಬ್ಬಕ್ಕೆ ಮಟನ್ ಕೊಳ್ಳುವ ಅಂಗಡಿಯ ಮುಂದೆ! ಅಂಗಡಿಯ ಭಾಯ್ ಫಿಲ್ಮ್ ನೋಡಿದರು, ನನ್ನ ಪಟ್ಟಿ ನೋಡಿದರು, ಮಚ್ಚನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

"ಅಮ್ಮಾ, ನನ್ ಕೈಗೆ ಬಂದಿರೋ ಕತ್ತು ಒಂದೂ ವಾಪಸ್ ಮನೆಗೆ ಹೋಗಿಲ್ಲ. ಈ ಮಗೂನ ಬೇಗ ಕರ್ಕೊಂಡ್ ಹೋಗಿ!"

ನನಗೆ ನಗು ಬಂತು, ನಕ್ಕರೆ ಕತ್ತು ನೋಯಿತು. ಅತ್ತೆ ನಗಲಿಲ್ಲ. ಮನೆ ಬರುವವರೆಗೂ ಫಿಲ್ಮನ್ನು ಎದೆಗೆ ಅವುಚಿಕೊಂಡೇ ಕೂತಿದ್ದರು.

ಮರುದಿನದಿಂದ ತರಬೇತಿ ಶುರು. "ತಲೆ ಮೇಲೆ ಆರತಿ ಐತೆ ಅಂದ್ಕೊಂಡು ನಡಿ" ಎಂದು ಹಲಸೂರು ಕೆರೆಯ ದಂಡೆಯಲ್ಲಿ ನಡೆಸಿದರು. ನಾನು ಸ್ವಲ್ಪ ಕತ್ತು ತಿರುಗಿಸಿದರೆ ಹಿಂದಿನಿಂದ, "ಅಯ್ಯೋ, ದೀಪ ಆರೋಗ್ತದೆ!" ಎಂಬ ಕೂಗು. ವಾಕಿಂಗಿಗೆ ಬಂದವರೆಲ್ಲ ನಿಂತು ನನ್ನ ತಲೆಯ ಮೇಲೇನಿದೆ ಎಂದು ನೋಡುತ್ತಿದ್ದರು.

ಅಷ್ಟರಲ್ಲಿ ಊರಹಬ್ಬ ಬಂತು. ಹಬ್ಬ ಕಳೆದ ಮೇಲೆ ಆಪರೇಷನ್ ಬೇಕೋ ಬೇಡವೋ ಹೇಳುತ್ತೇನೆಂದು ಡಾಕ್ಟರಿಗೆ ಮಾತು ಕೊಟ್ಟಿದ್ದೆ. ಏನು ಹೇಳಬೇಕೋ ಇನ್ನೂ ತೋಚಿರಲಿಲ್ಲ. ಪಟ್ಟಿ ಹಾಕಿಕೊಂಡೇ ಅತ್ತೆಯ ಊರಿಗೆ ಹೋಗಿ ಅಲ್ಲಿನ ಅಪಾರ್ಟ್‌ಮೆಂಟೊಂದರ ಗೇಟಿನ ಪಕ್ಕ ನಿಂತೆ. ತಮಟೆಯ ಹಿಂದೆ ಆರತಿಯ ಸಾಲು ಬಂತು. ಎಲ್ಲರಿಗಿಂತ ಮುಂದೆ ಅತ್ತೆಯ ತಟ್ಟೆಯೇ ಇತ್ತು, ಆದರೆ ಅದರ ಕೆಳಗಿದ್ದದ್ದು ಸೊಸೆಯ ತಲೆ! ಅತ್ತೆ ಪಕ್ಕದಲ್ಲಿ ಬರಿತಲೆಯಲ್ಲಿ ನಡೆದು ಬರುತ್ತಿದ್ದರು.

ನನಗೆ ಗಾಬರಿಯಾಯಿತು. "ಯಾಕತ್ತೆ, ಹುಷಾರಿಲ್ವಾ?"

"ನಂಗೇನಾಗೈತೆ? ಅಮ್ಮನ ಮುಂದೆ ತಲೆ ಬಗ್ಸಿ ಕೇಳ್ಕೊಂಡ್ಬಿಟ್ಟೆ. ಇನ್ಮೇಲೆ ನಾನು ಆರತಿ ಹೊರಲ್ಲ, ಈ ಕತ್ತಿನ ಬಲ ತಗೊಂಡು ನಮ್ಮುಡುಗಿಗೆ ಕೊಡು ಅಂದೆ."

ನನಗೆ ಅಳು ಬಂತು. ಭಯವೇನೂ ಹೋಗಲಿಲ್ಲ, ಈಗಲೂ ಇದೆ. ಅತ್ತೆಯ ಕಾಲಿಗೆ ಬೀಳಲು ಹೋದೆ. ಅವರು ನನ್ನ ಭುಜ ಎರಡನ್ನೂ ಗಟ್ಟಿಯಾಗಿ ಹಿಡಿದು ತಡೆದರು.

"ಬಗ್ಗಬೇಡ ಕಣೇ, ನೆಟ್ಟಗ್ ನಿಂತ್ಕೋ. ಅದಕ್ಕೇ ತಾನೇ ಕೊಟ್ಟಿರೋದು!"