ಬ್ಯಾರನ್‌ನಲ್ಲಿ ಬೆಂದ ಮೋಟಾರ್‌ಸೈಕಲ್

ಹೊಲಿಗೆ ಮಿಷನ್‌ಗೂ ಮೋಟಾರ್‌ಸೈಕಲ್‌ಗೂ ಅಂಥಾ ವ್ಯತ್ಯಾಸವೇನೂ ಇಲ್ಲ. ಎರಡಕ್ಕೂ ಎಣ್ಣೆ ಬಿಡಬೇಕು, ಎರಡನ್ನೂ ಕಾಲಲ್ಲಿ ತುಳಿಯಬೇಕು, ಎರಡೂ ಬೇಕಾದಾಗ ಕೆಟ್ಟು ಕೂರುತ್ತವೆ. ಹುಣಸೂರು ಸೀಮೆಯ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟು, ಕೆಟ್ಟ ಮಿಷನ್ನನ್ನು ನಾನೇ ಬಿಚ್ಚಿ ನಾನೇ ಜೋಡಿಸಿಕೊಂಡು ಬಂದವಳು ನಾನು. ನನಗೆ ಅಪ್ಪನ ಹಳೇ ಮೋಟಾರ್‌ಸೈಕಲ್ ರಿಪೇರಿ ಒಂದು ಕೆಲಸವೇ?

ಹೀಗಂತ ನಾನು ಹೇಳಿದ್ದು ಹಂಪಾಪುರದ ತವರುಮನೆ ಜಗಲಿಯ ಮೇಲೆ, ಎಲ್ಲರ ಎದುರು, ಗಟ್ಟಿಯಾಗಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಅಪ್ಪನ ಗಾಡಿ ಸಾಮಾನ್ಯದ್ದಲ್ಲ. ಒಂದು ಕಾಲದಲ್ಲಿ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾತಿ. ಅದರಲ್ಲೂ ಈ ಮಾದರಿ ಬಂದದ್ದೇ ಕೆಲವು ಎಂದು ತಿಳಿದವರು ಹೇಳುತ್ತಾರೆ. ಎರಡೂ ಪಕ್ಕಕ್ಕೆ ಉದ್ದನೆಯ ಸೈಲೆನ್ಸರ್, ದುಂಡನೆಯ ಟ್ಯಾಂಕು, ಕೀಲಿ ಎಂದರೆ ಒಂದು ದಪ್ಪ ಮೊಳೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಕಿಕ್ಕರೂ ಅದೇ, ಗೇರೂ ಅದೇ! ಒದ್ದು ಸ್ಟಾರ್ಟ್ ಮಾಡಿದ ಕಡ್ಡಿಯನ್ನೇ ತಿರುಗಿಸಿ ಮಲಗಿಸಿದರೆ ಗೇರಾಗುತ್ತದೆ. ಇಂಥ ಗಾಡಿಯನ್ನು ಕಂಡರೆ ಈಗಿನ ಬೈಕ್ ಹುಚ್ಚಿನವರು ಚಪ್ಪಲಿ ಬಿಟ್ಟು ಕೈ ಮುಗಿಯುವುದೊಂದು ಬಾಕಿ.

ಅಂಥ ಹುಚ್ಚಿನವರಲ್ಲಿ ಮೊದಲನೆಯವನು ನನ್ನ ತಂಗಿಯ ಗಂಡ, ಕೆ.ಆರ್. ನಗರದ ಉಮೇಶ. ಅವನ ಮನೆ ಹಿಂದಿನ ಶೆಡ್ಡಿನಲ್ಲಿ ಇಂಥ ನಾಲ್ಕು ಮುದಿ ಗಾಡಿಗಳು ಮುಸುಕು ಹಾಕಿಕೊಂಡು ಮದುವಣಗಿತ್ತಿಯರಂತೆ ನಿಂತಿವೆ. ಭಾನುವಾರ ಸ್ನೇಹಿತರು ಬರುತ್ತಾರೆ, ಮುಸುಕು ತೆಗೆಯುತ್ತಾನೆ, ಎಲ್ಲರೂ ಸುತ್ತ ನಿಂತು ಟೀ ಕುಡಿದು ಲೊಚಗುಟ್ಟುತ್ತಾರೆ, ಮತ್ತೆ ಮುಸುಕು. ಓಡಿಸುವುದಿಲ್ಲ. ಧೂಳಾಗುತ್ತದಂತೆ!

ಉಮೇಶ ಗಾಡಿ ಕೇಳಿದ. ನಾನೂ ಕೇಳಿದೆ. ಅಪ್ಪ ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟರು.

“ನೋಡ್ರವ್ವಾ, ಆಯುಧಪೂಜೆ ದಿನ ಈ ಗಾಡೀನ ಓಡುಸ್ಕೊಂಡು ನನ್ ಬಾಗ್ಲಿಗೆ ಯಾರು ತಂದೀರೋ ಅವ್ರಿಗೆ ಗಾಡಿ. ಮೊದ್ಲು ಇರೀ ಮಗಳು ನೋಡ್ಲಿ. ಅವಳ ಕೈಲಿ ಆಗ್ನಿಲ್ಲ ಅಂದ್ರೆ ಉಮೇಸಪ್ಪಂಗೆ.”

“ನಂಗೇನೂ ಅವಸರ ಇಲ್ಲ ಮಾವ, ಅಕ್ಕ ನಿಧಾನಕ್ಕೆ ಪ್ರಯತ್ನ ಮಾಡ್ಲಿ” ಎಂದು ಉಮೇಶ ನಕ್ಕ. ಆ ನಗು ನನಗೆ ಮುಳ್ಳಿನ ಹಾಗೆ ಚುಚ್ಚಿತು.

ನನಗೆ ಆ ಗಾಡಿ ನಿಜವಾಗಿಯೂ ಬೇಕಿತ್ತು. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕೋಟೆ ಪಟ್ಟಣದ ಸಂತೆಗೆ ಹೋಗುತ್ತಿದ್ದರು. ದೊಡ್ಡವಳಾದ ಮೇಲೆ, ಊರವರೆಲ್ಲ ಬೇಡ ಬೇಡ ಎಂದರೂ, ಹೆಣ್ಣುಮಗಳಿಗೆ ಗೇರ್ ಹಾಕುವುದನ್ನು ಕಲಿಸಿದ್ದೂ ಅದೇ ಗಾಡಿಯ ಮೇಲೆ. ಅದು ಉಮೇಶನ ಶೆಡ್ಡಿನಲ್ಲಿ ಮುಸುಕು ಹೊದ್ದು ಕೂರುವುದೇ?

ಗೂಡ್ಸ್ ಆಟೋದಲ್ಲಿ ಗಾಡಿ ನಮ್ಮೂರಿಗೆ ಬಂತು. ಹುಣಸೂರಿನ ಪಕ್ಕದಲ್ಲೇ ನಮ್ಮ ಹಳ್ಳಿ. ನಮ್ಮೆಜಮಾನರದು ಹೊಗೆಸೊಪ್ಪಿನ ಬೇಸಾಯ. ಮಾತು ಕಡಿಮೆ, ಆಡಿದರೆ ಒಂದೇ ಏಟು. ನಾನು ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ನಡುಮನೆಯಲ್ಲಿ ಗೋಣಿಚೀಲ ಹಾಸಿ, ಇಂಜಿನ್ನು, ಬ್ರೇಕು ಎಲ್ಲ ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ತೊಳೆದೆ, ಉಜ್ಜಿದೆ, ಒರೆಸಿದೆ, ಜೋಡಿಸಿದೆ. ಎಲ್ಲ ಮುಗಿದ ಮೇಲೆ ನೋಡಿದರೆ ಒಂದು ಡಬ್ಬದ ತುಂಬ ಬೋಲ್ಟು ಉಳಿದಿದ್ದವು!

ನಮ್ಮೆಜಮಾನರು ಡಬ್ಬ ಅಲ್ಲಾಡಿಸಿ ನೋಡಿದರು. “ಅಲ್ಲಾ ಕಣಮ್ಮಿ, ಬಿಚ್ಚುವಾಗ ಬರೀ ಒಂದ್ ಗಾಡಿ ಇತ್ತು. ಈಗ ಒಂದ್ ಗಾಡಿ, ಮ್ಯಾಲೊಂದ್ ಡಬ್ಬ ಬೋಲ್ಟು. ಲಾಭವೇ ಆಯ್ತು ಬುಡು.”

ಆದರೂ ಗಾಡಿ ಸ್ಟಾರ್ಟ್ ಆಯಿತು! ನಂಬಿ, ಬಿಡಿ. ಒದ್ದು ಒದ್ದು ಕಾಲು ಸೋತು, ಇನ್ನೊಂದೇ ಸಲ ಎಂದು ಒದ್ದಾಗ ಡಬ್ ಡಬ್ ಎಂದಿತು. ಪೆಟ್ರೋಲಿಗೆ ಆಯಿಲ್ ಕಲಸಿ ಹಾಕುವ ಗಾಡಿ ಅದು. ನಾನು ಕೈ ಸಡಿಲ ಬಿಟ್ಟು ಆಯಿಲ್ ಸುರಿದಿದ್ದೆ. ಎದ್ದ ಹೊಗೆಯಲ್ಲಿ ನಮ್ಮ ಮನೆ ಮಾಯವಾಯಿತು. ಪಕ್ಕದ ಮನೆಯ ಜಯಕ್ಕ ಅನ್ನದ ಪಾತ್ರೆ ಮುಚ್ಚಿಕೊಂಡು ಓಡಿಬಂದರು.

“ಏನವ್ವಾ, ಪಂಚಾಯ್ತಿಯೋರು ಸೊಳ್ಳೆ ಹೊಗೆ ಬುಡಕ್ಕೆ ಬಂದವ್ರಾ?”

“ಇಲ್ಲ ಜಯಕ್ಕ, ನಮ್ಮಪ್ಪನ ಗಾಡಿ!”

“ಅಂಗಾರೆ ನಾಳೆನೂವೆ ಬುಡವ್ವಾ. ಒಂದ್ ಸೊಳ್ಳೆ ಇಲ್ಲ ನೋಡು!”

ಇಂಜಿನ್ ಗೆದ್ದ ಮೇಲೆ ಉಳಿದದ್ದು ಬಣ್ಣ. ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ. ಆದರೆ ಉಮೇಶನ ಎದುರು ತುಕ್ಕು ಹಿಡಿದ ಟ್ಯಾಂಕಿನ ಗಾಡಿಯಲ್ಲಿ ಹೋಗಿ ಇಳಿಯುವುದೇ? ಕುಂಕುಮದ ಬಣ್ಣ ತಂದು ಬಳಿದೆ. ಬಳಿದ ಮರುಗಳಿಗೆಗೆ ಜಡಿಮಳೆ ಹಿಡಿಯಿತು. ಬಣ್ಣ ಒಣಗಲೇ ಇಲ್ಲ. ಬಂದವರೆಲ್ಲ “ಒಣಗ್ತಾ?” ಎಂದು ಬೆರಳಿಟ್ಟು ನೋಡಿದರು. ಜಯಕ್ಕ ಮಾತ್ರ ಐದೂ ಬೆರಳಿಟ್ಟರು. ಆಯುಧಪೂಜೆ ಎದುರಿಗೆ ನಿಂತಿತ್ತು.

ಆಗ ಹೊಳೆಯಿತು ನೋಡಿ, ಆ ದಿವ್ಯ ಉಪಾಯ. ನಮ್ಮ ಹಿತ್ತಿಲಲ್ಲೇ ಬ್ಯಾರನ್ ಇದೆಯಲ್ಲ!

ಹೊಗೆಸೊಪ್ಪು ಬೆಳೆಯದ ಊರಿನವರಿಗೆ ಹೇಳುತ್ತೇನೆ. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕುತ್ತಾರೆ. ಹೊರಗಿನಿಂದ ಒಲೆಗೆ ಸೌದೆ ಹಾಕಿದರೆ ನೆಲದ ಮೇಲಿನ ದಪ್ಪ ಕೊಳವೆಗಳು ಕಾದು, ಸೊಪ್ಪು ನಿಧಾನವಾಗಿ ಹಳದಿಯಾಗಿ ಬೇಯುತ್ತದೆ. ಆ ಹೊತ್ತಿನಲ್ಲಿ ಬಾಗಿಲು ತೆಗೆದರೆ ಹದ ಕೆಡುತ್ತದೆ. ಬಾಣಂತಿಯ ಕೋಣೆಯನ್ನು ಕಾಯುವ ಹಾಗೆ ಬ್ಯಾರನ್ ಕಾಯುತ್ತಾರೆ ನಮ್ಮೆಜಮಾನರು. ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಟ್ಟವರಲ್ಲ.

ಅವರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜಿಗೆ ಹೋದದ್ದೇ ತಡ, ಜಯಕ್ಕನನ್ನು ಕರೆದೆ. ಇಬ್ಬರೂ ಸೇರಿ ಗಾಡಿಯನ್ನು, ಸೊಪ್ಪು ತುಂಬಿ ಒಲೆ ಉರಿಯುತ್ತಿದ್ದ ಬ್ಯಾರನ್ ಒಳಕ್ಕೆ ತಳ್ಳಿ ಬಾಗಿಲು ಹಾಕಿದೆವು. ನಾನು ಅಷ್ಟೊಂದು ದಡ್ಡಿಯೇನಲ್ಲ. ಪೆಟ್ರೋಲನ್ನು ಒಂದು ತೊಟ್ಟೂ ಬಿಡದೆ ಮೊದಲೇ ಇಳಿಸಿ, ಟ್ಯಾಂಕ್ ಒರೆಸಿ, ಮುಚ್ಚಳ ತೆಗೆದಿಟ್ಟಿದ್ದೆ. ಮುಂಜಾಗ್ರತೆ ಎಂದರೆ ನಾನು!

ಸಂಜೆ ನಮ್ಮೆಜಮಾನರು ಬಂದರು. ಹಿತ್ತಿಲಿಗೆ ಹೋದರು. ನಿಂತರು. ಮೂಗು ಮೇಲೆತ್ತಿದರು.

“ಅಮ್ಮಿ, ಬ್ಯಾರನ್‌ಗೆ ಯಾರಾರಾ ಸುಣ್ಣಬಣ್ಣ ಮಾಡುಸ್ತಾವ್ರಾ?”

ನಾನು ಸೆರಗಿನಲ್ಲಿ ಕೈಯ ಬಣ್ಣ ಒರೆಸಿಕೊಂಡೆ. ಬಾಗಿಲು ತೆಗೆದರು. ಒಳಗೆ ಸೊಪ್ಪಿನ ಸಾಲಿನ ಕೆಳಗೆ ಮೋಟಾರ್‌ಸೈಕಲ್ ಬೆವರುತ್ತ ನಿಂತಿತ್ತು. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಪ್ಪು ಮುಟ್ಟಿ ನೋಡಿ ಹೇಳಿದರು:

“ಸೊಪ್ಪಿನ್ನೂ ಹಸಿಯಾಗೇ ಅದೆ. ಗಾಡಿ ಮಾತ್ರ ಚೆನ್ನಾಗ್ ಬೆಂದದೆ.”

ಬೆಂದಿತ್ತು, ನಿಜ. ಸೀಟಿನ ರೆಕ್ಸಿನ್ ಹಪ್ಪಳದಂತೆ ಮುದುರಿ ಬಿರುಕು ಬಿಟ್ಟಿತ್ತು. ಹ್ಯಾಂಡಲ್ಲಿನ ರಬ್ಬರ್ ಕರಗಿ ಕೈಗೆ ಅಂಟುತ್ತಿತ್ತು. ಬಣ್ಣ ಒಣಗಿತ್ತು, ಆದರೆ ಕುಂಕುಮ ಹೋಗಿ ಕಾಫಿ ಕಷಾಯವಾಗಿತ್ತು. ಮೇಲಿಂದ ಒಂದು ಹೊಗೆಸೊಪ್ಪಿನ ಎಲೆ ಟ್ಯಾಂಕಿನ ಮೇಲೆ ಬಿದ್ದು, ನರನರ ಸಮೇತ ಅಚ್ಚಾಗಿ ಅಲ್ಲೇ ಬೆಂದುಹೋಗಿತ್ತು. ಉಗುರಲ್ಲಿ ಕೆರೆದರೂ ಬರಲಿಲ್ಲ.

ಕೆಳಗಿನ ಸಾಲಿನ ಸೊಪ್ಪು ಬಣ್ಣದ ವಾಸನೆ ಹೊಡೆಯುತ್ತಿತ್ತು. ನಮ್ಮೆಜಮಾನರು ಆ ಕಡ್ಡಿಗಳನ್ನು ಒಂದೊಂದಾಗಿ ಇಳಿಸಿ ಬೇರೆ ಇಟ್ಟರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಬೈಯದ ಗಂಡನನ್ನು ಕಟ್ಟಿಕೊಂಡವರ ಕಷ್ಟ ಯಾರಿಗೂ ಬೇಡ. ನನಗೆ ಅಳು ಬಂತು.

“ರೀ, ಉಮೇಶನಿಗೆ ಫೋನ್ ಮಾಡಿ ಬಂದು ತಗೊಂಡೋಗು ಅಂದ್ಬುಡ್ತೀನಿ.”

“ಸೊಪ್ಪು ಕೆಟ್ಟಿದ್ದು ಕೆಟ್ಟೋಯ್ತು” ಎಂದರು. “ಇಷ್ಟಾದ್ ಮ್ಯಾಲೆ ಗಾಡಿನೂ ಬುಟ್ಕೊಟ್ರೆ ನಾನ್ ಸುಮ್ನಿರಕ್ಕಿಲ್ಲ. ಹೊಲಿಯಮ್ಮಿ ಸೀಟ.”

ಹೊಲಿದೆ! ಮದುವೆ ಹೆಣ್ಣೊಬ್ಬಳ ರವಿಕೆಯಲ್ಲಿ ಉಳಿದ ಹಸಿರು ಜರಿಬಟ್ಟೆ ಇತ್ತು. ಅದಕ್ಕೆ ಲೈನಿಂಗ್ ಕೊಟ್ಟು, ಅಂಚಿಗೆ ಪೈಪಿಂಗ್ ಇಟ್ಟು, ಸೀಟಿಗೆ ರವಿಕೆ ತೊಡಿಸಿದೆ. ಹ್ಯಾಂಡಲ್ಲಿಗೆ ಸೈಕಲ್ ಅಂಗಡಿಯ ರಬ್ಬರ್ ಬಂತು. ಗಾಡಿ ಮತ್ತೆ ಸ್ಟಾರ್ಟ್ ಆಯಿತು. ಹೊಗೆಯ ಜೊತೆಗೆ ಹದವಾದ ಹೊಗೆಸೊಪ್ಪಿನ ಘಮವೂ ಬರತೊಡಗಿತು.

ಆಯುಧಪೂಜೆಯ ಬೆಳಿಗ್ಗೆ ಸೆರಗು ಸಿಕ್ಕಿಸಿ, ಹೆಲ್ಮೆಟ್ ಹಾಕಿ ಹೊರಟೆ. ನಮ್ಮೆಜಮಾನರು ಸ್ಕೂಟರಿನಲ್ಲಿ ಹಿಂದೆ. ಆಹಾ, ಕೋಟೆ ದಾಟುವವರೆಗೂ ಆ ಗಾಡಿ ಓಡಿದ ಚಂದವೇನು! ದಾರಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡವರಿದ್ದರು. ಟೀ ಅಂಗಡಿಯವರು ಎದ್ದು ನಿಂತು ನೋಡಿದರು. ನನಗೆ ಖುಷಿಯಲ್ಲಿ ಕಣ್ಣು ತುಂಬಿಬಂತು.

ಹಂಪಾಪುರ ಬಂದಾಗ, ಊರಿನ ಮುಂದೆ ಸ್ವಲ್ಪ ಜೋರಾಗಿಯೇ ಹೋಗೋಣ ಎಂದು ಎಕ್ಸಿಲೇಟರ್ ಪೂರ್ತಿ ತಿರುಗಿಸಿದೆ. ತಿರುಗಿತು. ವಾಪಸ್ ಬರಲಿಲ್ಲ!

ಬ್ಯಾರನ್ ಕಾವಿಗೆ ಎಕ್ಸಿಲೇಟರ್ ತಂತಿಯ ಹೊರಗವಸು ಮೆತ್ತಗಾಗಿ ಒಳಗೇ ಕಚ್ಚಿಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದದ್ದು ಇಷ್ಟೇ: ಗಾಡಿ ನಿಲ್ಲುತ್ತಿಲ್ಲ. ಕ್ಲಚ್ ಹಿಡಿದರೆ ಇಂಜಿನ್ ಎಂಥಾ ಕಿರುಚು ಕಿರುಚಿತೆಂದರೆ ಯಾರದೋ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಹೆದರಿ ಬಿಟ್ಟುಬಿಟ್ಟೆ. ಕೀಲಿ ಎಳೆದೆ. ಆ ಮೊಳೆಯೂ ಬೆಂದ ತೂತಿನಲ್ಲಿ ಕಚ್ಚಿಕೊಂಡಿತ್ತು. ಬ್ರೇಕಿನ ವಿಚಾರ ಕೇಳಬೇಡಿ. ಡಬ್ಬದಲ್ಲಿ ಉಳಿದ ಬೋಲ್ಟುಗಳು ಎಲ್ಲಿಯವು ಎಂದು ಆಗ ತಿಳಿಯಿತು.

ತವರುಮನೆ ಬಾಗಿಲು ಕಂಡಿತು. ಅಪ್ಪ ಹೊಸ ಪಂಚೆಯಲ್ಲಿ ನಿಂತಿದ್ದರು. ತಂಗಿ ಆರತಿ ತಟ್ಟೆ ಹಿಡಿದಿದ್ದಳು. ಉಮೇಶ ಚಕ್ರಕ್ಕೆ ಇಡಲು ನಿಂಬೆಹಣ್ಣು ಹಿಡಿದು ಕಾಯುತ್ತಿದ್ದ.

“ಬಂದೆ ಅಪ್ಪಾ!” ಎಂದೆ. ಹೋದೆ.

ಊರ ಕೊನೆಯಲ್ಲಿ ತಿರುಗಿಸಿಕೊಂಡು ಮತ್ತೆ ಬಂದೆ.

“ನಿಲ್ಸವ್ವಾ!” ಅಪ್ಪ ಕೂಗಿದರು.

“ನಿಲ್ಲಲ್ಲಪ್ಪಾ!” ಎಂದು ಮತ್ತೆ ಹೋದೆ.

ಮೂರನೇ ಸಲ ಬರುವಷ್ಟರಲ್ಲಿ ಬೀದಿಯ ಎರಡೂ ಕಡೆ ಜನ. ತಂಗಿ ಓಡುತ್ತಲೇ ಆರತಿ ಎತ್ತಿದಳು. ಉಮೇಶ ನಿಂಬೆಹಣ್ಣನ್ನು ಗುರಿಯಿಟ್ಟು ಎಸೆದ. ಚಕ್ರಕ್ಕೆ ತಪ್ಪಿ ಹಿಂದೆ ಬರುತ್ತಿದ್ದ ನಮ್ಮೆಜಮಾನರ ಹಣೆಗೆ ಬಿತ್ತು. ಅಷ್ಟಕ್ಕೆ ನನ್ನ ಗಾಡಿ ಕೆಮ್ಮಿತು, ಬಿಕ್ಕಳಿಸಿತು, ಮನೆಯಿಂದ ನಾಲ್ಕು ಮಾರು ಆಚೆಗೆ ಹೋಗಿ ನಿಂತಿತು. ಪೆಟ್ರೋಲ್ ಮುಗಿದಿತ್ತು!

ಇಳಿದು, ಗಾಡಿಯನ್ನು ತಳ್ಳಿಕೊಂಡೇ ಬಾಗಿಲಿಗೆ ತಂದು ನಿಲ್ಲಿಸಿದೆ.

“ಮಾವ, ಇದು ಓಡಿಸ್ಕೊಂಡು ಬಂದಂಗಾಗಲ್ಲ” ಎಂದ ಉಮೇಶ. “ತಳ್ಕೊಂಡ್ ಬಂದವ್ರೆ ಅಕ್ಕ.”

“ಬಾಗಿಲ ಮುಂದೆ ಮೂರು ಸಲ ಓಡ್ಸಿಲ್ವೇನಪ್ಪಾ ನಾನು? ನಿಂಗೆ ಇನ್ನೆಷ್ಟು ಸಲ ಬೇಕಿತ್ತು?”

ಅಪ್ಪ ಇಬ್ಬರನ್ನೂ ಸರಿಸಿ ಮುಂದೆ ಬಂದರು. ಗಾಡಿಯ ಸುತ್ತ ಬಂದರು. ಎಲೆಯ ಅಚ್ಚನ್ನು ಸವರಿದರು. ಜರಿಯ ಸೀಟನ್ನು ತಟ್ಟಿ ನೋಡಿದರು. ಮೂಸಿದರು. ನಾನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ಕಾದೆ.

“ಏನ್ ಓಟ ಕಣವ್ವಾ!” ಎಂದರು. “ನಾನು ಇದು ಸತ್ತೋಯ್ತು ಅನ್ಕೊಂಡಿದ್ದೆ. ಇಂಗೆ ಓಡ್ತದೆ ಅಂತ ಮೊದ್ಲೇ ಗೊತ್ತಿದ್ದಿದ್ರೆ ಯಾರ್ಗೂ ಕೊಡ್ತೀನಿ ಅಂತಿರ್ನಿಲ್ಲ.”

“ಅಪ್ಪಾ, ಅಂದ್ರೆ?”

“ಅಂದ್ರೆ ಏನು? ನನ್ ಗಾಡಿ ನಂಗೇ ಇರ್ಲಿ.” ಪಂಚೆ ಎತ್ತಿ ಕಟ್ಟಿ ಸೀಟಿನ ಮೇಲೆ ಕೂತೇಬಿಟ್ಟರು. ಎಷ್ಟೋ ವರ್ಷದಿಂದ ಅವರ ಮುಖದಲ್ಲಿ ಅಂಥ ನಗು ಕಂಡಿರಲಿಲ್ಲ. ಅದನ್ನು ನೋಡಿದ ಮೇಲೆ ಜಗಳ ಆಡುವ ಬಾಯಿಯಾದರೂ ಎಲ್ಲಿತ್ತು ನನಗೆ?

“ಪೆಟ್ರೋಲ್ ಇಲ್ಲಪ್ಪಾ” ಎಂದೆ.

“ಪೆಟ್ರೋಲ್ ಯಾಕೆ? ನೀವಿಬ್ರೂ ಇಲ್ವಾ?”

ಹೀಗಾಗಿ ಆ ಆಯುಧಪೂಜೆಯ ದಿನ ಹಂಪಾಪುರದ ಬೀದಿಯಲ್ಲಿ ನಮ್ಮಪ್ಪನ ಸವಾರಿ ಸಾಂಗವಾಗಿ ನಡೆಯಿತು. ಬಲಗಡೆ ನಾನು, ಎಡಗಡೆ ಉಮೇಶ, ಇಬ್ಬರೂ ಏದುಸಿರು ಬಿಡುತ್ತ ತಳ್ಳುತ್ತಿದ್ದೆವು. ಮಾಲೀಕರು ಬಾಯಲ್ಲೇ ಡಬ್ ಡಬ್ ಎನ್ನುತ್ತ ಹ್ಯಾಂಡಲ್ ಹಿಡಿದು ಕೂತಿದ್ದರು.

“ಜೋರಾಗ್ ತಳ್ರೋ!” ಎಂದರು. “ಈಗ ಗೇರ್ ಹಾಕ್ತೀನಿ!”